ಹಟ, ಛಲ, ಆಗ್ರಹ



ಜಾತ್ರೆಯಲ್ಲಿ ಮಿಠಾಯಿಗಾಗಿ ನೆಲಕ್ಕುರುಳುವ ಮಗುವಿನದು ಹಟ. ತಿಳಿಹೇಳಿದರೂ ತಿದ್ದಿಕೊಳ್ಳದವನದು ಮೊಂಡುತನ. ಗೇಣು ಬದುವಿಗಾಗಿ ದಾಯಾದಿಯೊಡನೆ ತಲೆಮಾರುಗಟ್ಟಲೆ ಕೋರ್ಟಿಗಲೆಯುವವನದು ಜಿದ್ದು. ಇವು ಮೂರೂ ನಿಂದೆಯ ನುಡಿಗಳೇ. ಆದರೆ ಸಂಸ್ಕೃತದಲ್ಲಿ ವಂಚನೆಯೆಂಬರ್ಥವುಳ್ಳ 'ಛಲ'ವು ಕನ್ನಡಕ್ಕೆ ಬಂದು ಧೀರರ ಭೂಷಣವಾಯಿತು. ಸೋಲನ್ನು ಕಂಡೂ ಬಾಗದ ದುರ್ಯೋಧನನಲ್ಲಿ ಪಂಪನಂತಹ ಮಹಾಕವಿ ಮೆಚ್ಚಿದ್ದು ಈ ಗುಣವನ್ನೇ.

ರೋಣ, ಗಜೇಂದ್ರಗಡ, ನರಗುಂದಗಳ ಸೀಮೆ ಛಲವನ್ನು ಚರಿತ್ರೆಯಾಗಿಯೇ ಬಲ್ಲದು. ದತ್ತಕಕ್ಕೆ ಬ್ರಿಟಿಷರು ಒಪ್ಪಿಗೆಯೀಯದಿರಲು ಮನನೊಂದಿದ್ದ ನರಗುಂದದ ಅರಸ ಬಾಬಾಸಾಹೇಬ ಭಾಸ್ಕರರಾವ್ ಭಾವೆ 1858ರಲ್ಲಿ ಬಂಡೆದ್ದು, ಅದೇ ವರ್ಷ ಬೆಳಗಾವಿಯಲ್ಲಿ ಗಲ್ಲಿಗೇರಿದರು. ಮಲಪ್ರಭೆಯ ಅಚ್ಚುಕಟ್ಟಿನ ರೈತರು ಅಭಿವೃದ್ಧಿ ಕರವನ್ನು ತೆರಲೊಲ್ಲದೆ ಹೋರಾಡಿದಾಗ, 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರಿಗೆ ರೈತನೂ, ಗುಂಪಿನ ಕ್ರೋಧಕ್ಕೆ ಪೊಲೀಸರೂ ಬಲಿಯಾದರು. ಕ್ರೋಧವು ಬೆರೆತ ಕ್ಷಣದಲ್ಲಿಯೇ ಛಲವು ತನ್ನ ಘನತೆಯನ್ನು ಕಳೆದುಕೊಳ್ಳುವುದೆಂಬುದಕ್ಕೆ ಆ ದಿನವೇ ಸಾಕ್ಷಿ. 2015ರಿಂದ ಇದೇ ಊರಿನಲ್ಲಿ ಮಹದಾಯಿ ನದಿಯ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತವರದಾದರೋ ತಾಳ್ಮೆಯ ಛಲ.

'ಆಗ್ರಹ'ವೆಂಬ ಒಂದೇ ಪದವು ಸತ್ಯದೊಡನೆ ಕೂಡಿದರೆ ಸತ್ಯಾಗ್ರಹ, ಸ್ವಾರ್ಥದೊಡನೆ ಕೂಡಿದರೆ ದುರಾಗ್ರಹ. ಆದುದರಿಂದ, ಪಟ್ಟು ಹಿಡಿಯುವ ಮುನ್ನ ನಾವು ಹಿಡಿದುದು ನ್ಯಾಯವನ್ನೋ ನಮ್ಮ ಅಹಂಕಾರವನ್ನೋ ಎಂದು ವಿಚಾರಿಸಿಕೊಳ್ಳೋಣ. ನ್ಯಾಯವಾದರೆ ಬಿಡದಿರೋಣ, ಅಹಂಕಾರವಾದರೆ ಇಂದೇ ಬಿಟ್ಟುಬಿಡೋಣ.