ಕೂತಲ್ಲಿ ಕೂರದ ಮಕ್ಕಳು



ಕೂತಲ್ಲಿ ಕೂರಲ್ಲ, ಹೇಳಿದ್ದು ಕಿವಿಗೆ ಹಾಕಿಕೊಳ್ಳಲ್ಲ ಎಂಬ ದೂರು ಮೊಬೈಲ್ ಬಂದ ಮೇಲೆ ಹುಟ್ಟಿದ್ದು ಎಂದು ನಂಬಿದವರಿದ್ದಾರೆ. ಅತಿ ಚಟುವಟಿಕೆ ಮತ್ತು ಗಮನದ ಕೊರತೆಯ ಈ ಸಮಸ್ಯೆಗೆ ಈಗ ಎಡಿಎಚ್‌ಡಿ ಎನ್ನುತ್ತೇವೆ. ಆದರೆ 1798ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರಿಕ್ಟನ್, ಯಾವುದರ ಮೇಲೂ ಮನಸ್ಸು ನಿಲ್ಲದ ಚಡಪಡಿಕೆಯನ್ನು ವಿವರಿಸಿ, ಇದು ಹುಟ್ಟಿನಿಂದಲೇ ಬಂದಿರಬಹುದು ಎಂದು ಬರೆದಿದ್ದರು.

ಆ ಮಾತನ್ನು ಯಾರೂ ಮುಂದುವರಿಸಲಿಲ್ಲ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚುರುಕಾಗಿದ್ದೂ ತಮ್ಮನ್ನು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳನ್ನು ಕುರಿತು ಉಪನ್ಯಾಸ ಮಾಡಿದರು. ಬುದ್ಧಿಯ ದೋಷವಲ್ಲ ಎಂದದ್ದು ದೊಡ್ಡ ಹೆಜ್ಜೆ. ಆದರೆ ನೈತಿಕ ನಿಯಂತ್ರಣದ ದೋಷ ಎಂದುಬಿಟ್ಟರು. ಆ ಹಣೆಪಟ್ಟಿ ನನ್ನ ಪ್ರಕಾರ ಇಂದಿಗೂ ಕಳಚಿಲ್ಲ. ಮಗು ಚಡಪಡಿಸಿದರೆ ತಾಯಿ ಬೆಳೆಸಿದ ರೀತಿಯನ್ನೇ ಆಡಿಕೊಳ್ಳುವುದು ಇನ್ನೇನು?

ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರಿದ್ದರು. ಆಗ ಮೆದುಳಿನ ಎಕ್ಸ್‌ರೇ ತೆಗೆಯಲು ಬೆನ್ನುಹುರಿಯ ದ್ರವ ಹೊರತೆಗೆಯುತ್ತಿದ್ದರು. ಮಕ್ಕಳಿಗೆ ಭಯಂಕರ ತಲೆನೋವು ಬರುತ್ತಿತ್ತು. ಅದಕ್ಕೆಂದು ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದರು. ತಲೆನೋವು ಅಷ್ಟಾಗಿ ಇಳಿಯಲಿಲ್ಲ. ಆದರೆ ಔಷಧಿ ಪಡೆದ 30 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಪಾಠದಲ್ಲಿ ಎದ್ದು ಕಾಣುವಂತೆ ಮುಂದೆ ಬಂದರು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಎಂದು ಹೆಸರಿಟ್ಟರಂತೆ! ಉತ್ತೇಜಕ ಕೊಟ್ಟರೆ ಚಡಪಡಿಕೆ ಹೇಗೆ ತಗ್ಗುತ್ತದೆ? ಮೆದುಳಿನಲ್ಲಿ ಗಮನವನ್ನೂ ಸಂಯಮವನ್ನೂ ನಡೆಸುವ ಭಾಗಕ್ಕೆ ಅದು ಬಲ ಕೊಡುತ್ತದೆ. ಇಂದು ಹೆಚ್ಚಾಗಿ ಬಳಸುವ ಮೀಥೈಲ್‌ಫೆನಿಡೇಟ್ ತಯಾರಾದದ್ದು 1944ರಲ್ಲಿ.

ಆದರೆ ಬಹುಕಾಲ ಎಲ್ಲರ ಕಣ್ಣು ಗಲಾಟೆಯ ಮಕ್ಕಳ ಮೇಲೇ ಇತ್ತು. ಅಮೆರಿಕದ ಮನೋವೈದ್ಯರು, ಚಟುವಟಿಕೆ ಅತಿಯಾಗದೆಯೂ ಗಮನದ ಕೊರತೆ ಇರಬಹುದು ಎಂದು ತಮ್ಮ ಕೈಪಿಡಿಯಲ್ಲಿ ಬರೆದದ್ದು 1980ರಲ್ಲಿ. ಕಿಟಕಿಯಾಚೆ ನೋಡುತ್ತ ಕೂರುವ, ಯಾರಿಗೂ ತೊಂದರೆ ಕೊಡದ ಹುಡುಗಿ ಈಗಲೂ ಶಿಕ್ಷಕರ ಕಣ್ಣಿಗೆ ಬೀಳುವುದು ಕಡಿಮೆ. ದೊಡ್ಡವರಲ್ಲೂ ಇದು ಉಳಿಯುತ್ತದೆಂಬ ಅರಿವು ಇನ್ನೂ ತಡವಾಗಿ ಬಂತು.

ಎಲ್ಲ ತುಂಟತನವೂ ಎಡಿಎಚ್‌ಡಿ ಅಲ್ಲ. ಲಕ್ಷಣಗಳು 12 ವರ್ಷಕ್ಕೆ ಮೊದಲೇ ಶುರುವಾಗಿ, ಕನಿಷ್ಠ 6 ತಿಂಗಳು ಉಳಿದು, ಮನೆ ಶಾಲೆ ಎರಡರಲ್ಲೂ ತೊಂದರೆ ಕೊಡುತ್ತಿದ್ದರೆ ಮಾತ್ರ ವೈದ್ಯರು ಹಾಗೆನ್ನುತ್ತಾರೆ. ಇದಕ್ಕೆ ರಕ್ತಪರೀಕ್ಷೆ, ಸ್ಕ್ಯಾನ್ ಯಾವುದೂ ಇಲ್ಲ. ಪುಟ್ಟ ಮಕ್ಕಳಿಗೆ ಮೊದಲು ತಂದೆತಾಯಿಗೇ ತರಬೇತಿ: ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ಕೂಡಲೇ ಮೆಚ್ಚುವುದು. ಮಾತ್ರೆ ಬೇಕೆ ಎಂಬುದನ್ನು ವೈದ್ಯರೇ ತೀರ್ಮಾನಿಸಲಿ. ಅದರಿಂದ ಹಸಿವು, ನಿದ್ದೆ ಕುಗ್ಗಬಹುದು.

ಅನುಮಾನವಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ದೂರದ ಊರಿನವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಿ. ಅಲ್ಲಿಯವರೆಗೆ ಮಗುವಿಗೆ ಏಟು ಕೊಡಬೇಡಿ.