ಎಲ್ಲವೂ ಒಂದೇ ಆ್ಯಪ್‌ನಲ್ಲಿ: ಲಾಭವೆಷ್ಟು, ನಷ್ಟವೆಷ್ಟು?



ಕಮಲಾಪುರದ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆಯೇ ಇಂದಿನ ನನ್ನ ಮಾತಿಗೆ ಕಾರಣ. "ಸರ್, ನೋಟ್ಸ್ ಬರೆಯೋದು, ಟೈಮ್ ಟೇಬಲ್, ಹೋಂವರ್ಕ್, ಎಲ್ಲಾ ಒಂದೇ ಆ್ಯಪ್‌ನಲ್ಲಿ ಆಗ್ತದಂತಲ್ಲ, ಯಾವುದು ಹಾಕ್ಕೊಳ್ಳಲಿ?" ಎಂದು ಆತ ಕೇಳಿದ. ತಕ್ಷಣ ಒಂದು ಹೆಸರು ಹೇಳಿ ಕಳಿಸಬಹುದಿತ್ತು. ಆದರೆ ಒಂದು ವರ್ಷದ ಓದನ್ನೆಲ್ಲ ಒಂದೇ ಕಡೆ ಒಪ್ಪಿಸುವ ವಿಷಯವಿದು. ತೂಗಿ ನೋಡದೆ ಹೇಳಬಾರದು ಎನಿಸಿತು. ಬನ್ನಿ, ಒಟ್ಟಿಗೆ ತೂಗೋಣ.

ನೋಷನ್, ಎವರ್‌ನೋಟ್, ಒನ್‌ನೋಟ್ ಮುಂತಾದ ಆ್ಯಪ್‌ಗಳ ಹೆಸರನ್ನು ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಪಾಠದ ಟಿಪ್ಪಣಿ, ಮಾಡಬೇಕಾದ ಕೆಲಸಗಳ ಪಟ್ಟಿ, ಕಪ್ಪು ಹಲಗೆಯ ಫೋಟೊ, ಇಂಥವನ್ನೆಲ್ಲ ಒಂದೇ ಮನೆಯಲ್ಲಿ ಕೂಡಿಡುವುದು ಇವುಗಳ ಕೆಲಸ. ನೋಷನ್‌ನಂಥವು ವೇಳಾಪಟ್ಟಿ, ಕೋಷ್ಟಕಗಳನ್ನೂ ಅದರಲ್ಲೇ ಸೇರಿಸಿಕೊಡುತ್ತವೆ.

ಈ ಆಸೆ ಹೊಸದೇನಲ್ಲ. ನಮ್ಮ ಹಳೆಯ ಮನೆಗಳಲ್ಲಿ 'ಬಯಾಜ್' ಎಂಬ ಪುಸ್ತಕ ಇರುತ್ತಿತ್ತು. ಮೆಚ್ಚಿದ ಶೇರ್, ಹಕೀಮರ ನುಸ್ಖಾ, ಮಕ್ಕಳು ಹುಟ್ಟಿದ ದಿನ, ಕೊಟ್ಟ ಕೈಗಡ, ಎಲ್ಲವನ್ನೂ ಅದರಲ್ಲೇ ಬರೆದಿಡುತ್ತಿದ್ದರು. ಅದು ಆ ಕಾಲದ ಆಲ್-ಇನ್-ಒನ್. ಆದರೆ ಕಲಬುರಗಿಯ ಗಂಜ್‌ನ ವ್ಯಾಪಾರಿ ಹಾಗೆ ಮಾಡಲಿಲ್ಲ. ಅವನದು ಎರಡು ಪುಸ್ತಕ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಕಿರ್ದಿಯಲ್ಲಿ ಬರೆದ. ಆಮೇಲೆ ಕುಳಿತು ಒಬ್ಬೊಬ್ಬರ ಲೆಕ್ಕವನ್ನು ಬೇರ್ಪಡಿಸಿ ಖತಾವಣಿಗೆ ಏರಿಸಿದ. ಕೂಡಿಡುವ ಕೆಲಸ ಬೇರೆ, ವಿಂಗಡಿಸುವ ಕೆಲಸ ಬೇರೆ ಎಂಬುದು ಅವನಿಗೆ ಗೊತ್ತಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲು ಲಾಭಗಳನ್ನು ಹೇಳುತ್ತೇನೆ. ನಾನು ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವವನು. 'ಸಮಾಸ' ಎಂದು ಟೈಪ್ ಮಾಡಿದರೆ ಮೂರು ವರ್ಷಗಳಲ್ಲಿ ಆ ಬಗ್ಗೆ ಬರೆದುಕೊಂಡದ್ದೆಲ್ಲ ಒಂದು ಕ್ಷಣದಲ್ಲಿ ಎದುರಿಗೆ ಬರುತ್ತದೆ. ನೋಟ್‌ಬುಕ್‌ಗಳ ರಾಶಿಯಲ್ಲಿ ಈ ಸೌಲಭ್ಯ ಎಲ್ಲಿದೆ? ಮೊಬೈಲ್‌ನಲ್ಲಿ ಬರೆದದ್ದು ಶಾಲೆಯ ಕಂಪ್ಯೂಟರ್‌ನಲ್ಲೂ ಕಾಣುತ್ತದೆ. ಗೈರುಹಾಜರಾದ ಗೆಳೆಯನಿಗೆ ಪಾಠ ಕಳಿಸಬಹುದು. ಪದವಿಯಲ್ಲಿ ಪ್ರಾಜೆಕ್ಟ್ ಮಾಡುವವರಿಗೆ, ಐದಾರು ತರಗತಿ ನೋಡಿಕೊಳ್ಳುವ ಶಿಕ್ಷಕರಿಗೆ, ಸಭೆಗಳ ನಡಾವಳಿ ಇಡುವ ನಮ್ಮ ಸಂಘದಂಥ ಸಂಸ್ಥೆಗಳಿಗೆ ಇವು ನಿಜಕ್ಕೂ ಉಪಕಾರಿ. ಇದನ್ನು ಅಲ್ಲಗಳೆಯುವುದು ಅನ್ಯಾಯ.

ಈಗ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡೋಣ.

ಮೊದಲನೆಯದು ಲಿಪಿಯ ಪ್ರಶ್ನೆ. ಉರ್ದು ಮಾಧ್ಯಮದ ನಮ್ಮ ಮಗು ದಿನಕ್ಕೆ ಮೂರು ಲಿಪಿ ಬರೆಯುತ್ತದೆ. ಉರ್ದು ಬಲದಿಂದ ಎಡಕ್ಕೆ, ಕನ್ನಡ ಮತ್ತು ಇಂಗ್ಲಿಷ್ ಎಡದಿಂದ ಬಲಕ್ಕೆ. ಒಂದೇ ಸಾಲಿನಲ್ಲಿ ಉರ್ದು ಪದ, ಅದರ ಕನ್ನಡ ಅರ್ಥ, ಪುಟದ ಸಂಖ್ಯೆ ಬರೆದು ನೋಡಿ. ಕೆಲವು ಆ್ಯಪ್‌ಗಳಲ್ಲಿ ಹಿಂದಿನದು ಮುಂದಾಗಿ ಸಾಲೇ ಕಲಸಿಹೋಗುತ್ತದೆ. ನಾವು ಪುಸ್ತಕದಲ್ಲಿ ಓದುವ ನಸ್ತಲೀಖ್ ಬದಲು ನಸ್ಖ್ ಅಕ್ಷರ ಕಾಣುವುದೂ ಉಂಟು. ಇನ್ನೊಂದು ಸೂಕ್ಷ್ಮವಿದೆ. ಉರ್ದು ಕೀಬೋರ್ಡ್‌ನ 'ಯೇ', 'ಕಾಫ್' ಅಕ್ಷರಗಳಿಗೂ ಅರಬ್ಬಿ ಕೀಬೋರ್ಡ್‌ನ ಅವೇ ಅಕ್ಷರಗಳಿಗೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳಿವೆ. ಪದದ ನಡುವೆ ಬಂದಾಗ ಎರಡೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಒಂದರಲ್ಲಿ ಬರೆದು ಇನ್ನೊಂದರಲ್ಲಿ ಹುಡುಕಿದರೆ ಹಲವು ಬಾರಿ ಸಿಗುವುದೇ ಇಲ್ಲ. ಹುಡುಕುವುದೇ ದೊಡ್ಡ ಲಾಭವೆಂದೆವಲ್ಲ, ಅದೇ ಕೈಕೊಟ್ಟರೆ ಹೇಗೆ? ಆದ್ದರಿಂದ ಉರ್ದು ಬರೆಯುವವರು ಫೋನಿನಲ್ಲಿ ಉರ್ದು ಕೀಬೋರ್ಡ್ ಒಂದನ್ನೇ ಇಟ್ಟುಕೊಂಡು ಬಳಸಿರಿ.

ಎರಡನೆಯದು ನೆಟ್‌ವರ್ಕ್. ಇಂಥ ಆ್ಯಪ್‌ಗಳಲ್ಲಿ ಹೆಚ್ಚಿನವು ನಮ್ಮ ಬರಹವನ್ನು ದೂರದ ಸರ್ವರ್‌ನಲ್ಲಿ ಇಡುತ್ತವೆ. ನೋಷನ್ ಪೂರ್ಣ ಪ್ರಮಾಣದಲ್ಲಿ ಇಂಟರ್‌ನೆಟ್ ಇಲ್ಲದೆ ಬಳಸುವ ವ್ಯವಸ್ಥೆ ತಂದದ್ದೇ 2025ರ ಆಗಸ್ಟ್‌ನಲ್ಲಿ. ಅದರಲ್ಲೂ ಬೇಕಾದ ಪುಟಗಳನ್ನು ಮುಂಚೆಯೇ ಇಳಿಸಿಟ್ಟುಕೊಂಡಿರಬೇಕು. ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಓಡಾಡುವವರಿಗೆ, ಡೇಟಾ ಮುಗಿದ ಫೋನ್ ಹಿಡಿದವರಿಗೆ ಇದು ಸಣ್ಣ ವಿಷಯವಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಒಳಗೆ ಇಟ್ಟದ್ದನ್ನು ಬೇಕೆಂದಾಗ ಹೊರಗೆ ತರಲು ಸಾಧ್ಯವೇ? ಗೂಗಲ್ ನೋಟ್‌ಬುಕ್ ಎಂಬ ಸೇವೆ 2006ರಲ್ಲಿ ಆರಂಭವಾಗಿ 2012ರಲ್ಲಿ ಮುಚ್ಚಿತು. ಅದರಲ್ಲಿದ್ದ ಬರಹಗಳನ್ನು ಗೂಗಲ್ ಡಾಕ್ಸ್‌ಗೆ ಸಾಗಿಸಲಾಯಿತು ಎಂಬುದು ಸಮಾಧಾನ. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಎಂದು ಮಿತಿ ಹಾಕಿತು. ಹಳೆಯದನ್ನು ಓದಬಹುದು, ಹೊರತೆಗೆಯಬಹುದು, ಆದರೆ ಮಿತಿ ದಾಟಿದವರು ಹಣ ಕೊಡದೆ ಹೊಸದು ಬರೆಯುವಂತಿರಲಿಲ್ಲ. ಇದರಲ್ಲಿ ಕಂಪನಿಯನ್ನು ಬೈಯುವುದು ಬೇಡ. ಬಾಡಿಗೆ ಇಲ್ಲದ ಮನೆಯಲ್ಲಿ ಇರುವವರು ಮಾಲೀಕನ ಮನಸ್ಸು ಬದಲಾಗಬಹುದೆಂದು ತಿಳಿದಿರಬೇಕು, ಅಷ್ಟೇ.

ನಮಗೆ ಈ ಪಾಠ ಮೊದಲೇ ಆಗಿದೆ. ಯೂನಿಕೋಡ್ ಬಳಕೆ ಹರಡುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಫೈಲ್‌ಗಳನ್ನು ಇಂದು ಪರಿವರ್ತಿಸದೆ ಮೊಬೈಲ್‌ನಲ್ಲಿ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಉರ್ದುವಿನ ಇನ್‌ಪೇಜ್ ಫೈಲ್‌ಗಳನ್ನು ಆ ತಂತ್ರಾಂಶವಿಲ್ಲದೆ ತೆರೆಯುವುದು ಕಷ್ಟ. ಎಷ್ಟೋ ಶಿಕ್ಷಕರ ವರ್ಷಗಳ ಶ್ರಮ ಹೀಗೆ ಪೆಟ್ಟಿಗೆಯಲ್ಲೇ ಕುಳಿತಿದೆ.

ವಿದ್ಯಾರ್ಥಿಗಳ ಮಟ್ಟಿಗೆ ಇದು ಇನ್ನೂ ಕಠಿಣ. ನಾನು ಬಲ್ಲ ಒಬ್ಬ ಎಸ್ಸೆಸ್ಸೆಲ್ಸಿ ಹುಡುಗಿ ತನ್ನ ಟಿಪ್ಪಣಿಗಳನ್ನೆಲ್ಲ ಅಬ್ಬಾ ಅವರ ಫೋನಿನ ಒಂದು ಆ್ಯಪ್‌ನಲ್ಲಿ ಇಟ್ಟಿದ್ದಳು. ಫೆಬ್ರವರಿಯಲ್ಲಿ ಫೋನ್ ಕೆಟ್ಟಿತು. ಹೊಸ ಫೋನಿನಲ್ಲಿ ತೆರೆಯಲು ಹೋದರೆ ಒಟಿಪಿ ಹಳೆಯ ನಂಬರಿಗೆ ಹೋಗುತ್ತದೆ. ಆ ನಂಬರ್ ರೀಚಾರ್ಜ್ ಇಲ್ಲದೆ ಎಂದೋ ಬಂದ್ ಆಗಿತ್ತು. ಪರೀಕ್ಷೆಗೆ ಕೆಲವೇ ವಾರಗಳಿದ್ದವು. ವಿಜ್ಞಾನದ ಟಿಪ್ಪಣಿ ಮಾತ್ರ ಉಳಿಯಿತು, ಏಕೆಂದರೆ ಪಕ್ಕದ ಬೆಂಚಿನ ಹುಡುಗಿ ಅದನ್ನು ತನ್ನ ನೋಟ್‌ಬುಕ್ಕಿಗೆ ಬರೆದುಕೊಂಡಿದ್ದಳು. ಉಳಿದದ್ದನ್ನು ಆಕೆ ರಾತ್ರಿಗಳನ್ನು ಕಳೆದು ಮತ್ತೆ ಬರೆದಳು. ಆಕೆ ಪಾಸಾದಳು, ಅಲ್‌ಹಮ್ದುಲಿಲ್ಲಾಹ್. ಆದರೆ ಓದಬೇಕಾದ ವೇಳೆ ನಕಲು ಮಾಡುವುದರಲ್ಲಿ ಹೋಯಿತು. ಅದೇ ಆ್ಯಪ್ ಬಳಸಿರೆಂದು ಆಕೆಗೆ ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ಒಂದು ನಕಲು ಬೇರೆ ಇಟ್ಟುಕೋ ಎಂದು ಹೇಳಲು ಮರೆತಿದ್ದೆ. ಇಂದು ನಿಮ್ಮ ಮುಂದೆ ಈ ವಿಷಯ ಆರಿಸಿಕೊಂಡದ್ದಕ್ಕೆ ಅದೂ ಒಂದು ಕಾರಣ.

ನಮ್ಮ ಊರಿನ ಇತಿಹಾಸವೂ ಇದನ್ನೇ ಹೇಳುತ್ತದೆ. ಹಜರತ್ ಖ್ವಾಜಾ ಬಂದೇನವಾಜ್ ಅವರು 1422ರಲ್ಲಿ ಕಲಬುರಗಿಯಲ್ಲಿ ನಿಧನರಾದರು. ಅವರ ಮಜ್ಲಿಸ್‌ನ ಮಾತುಗಳನ್ನು ಹಿರಿಯ ಪುತ್ರ ಸಯ್ಯದ್ ಅಕ್ಬರ್ ಹುಸೈನಿಯವರು ಪಾರಸಿಯಲ್ಲಿ ಬರೆದಿಟ್ಟರು. ಅದೇ 'ಜವಾಮಿಉಲ್ ಕಲಿಮ್'. ಆರು ನೂರು ವರ್ಷಗಳ ಮೇಲೂ ಅದು ಓದಲು ಸಿಗುತ್ತದೆಂದರೆ ಕಾರಣವೇನು? ಒಬ್ಬರು ಬರೆದದ್ದನ್ನು ಮತ್ತೊಬ್ಬರು ನಕಲು ಮಾಡಿದರು, ಮುಂದೆ ಅಚ್ಚು ಹಾಕಿದರು. ಇಲ್ಮ್ ಉಳಿಯುವುದು ಒಂದೇ ಪೆಟ್ಟಿಗೆಯಲ್ಲಿ ಭದ್ರವಾಗಿ ಇಟ್ಟದ್ದರಿಂದಲ್ಲ, ಹಲವು ಕೈಗಳಿಗೆ ಹೋದದ್ದರಿಂದ.

ನಾಲ್ಕನೆಯದು ಕಲಿಕೆಯ ಪ್ರಶ್ನೆ. ಅಮೆರಿಕದ ಸಂಶೋಧಕರಾದ ಮ್ಯುಲರ್ ಮತ್ತು ಓಪನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಟಿಪ್ಪಣಿ ಮಾಡಿದವರು ಕೇಳಿದ್ದನ್ನು ಪದಶಃ ಇಳಿಸಿಕೊಂಡರು, ಅರ್ಥ ಮಾಡಿಕೊಂಡು ಉತ್ತರಿಸುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು ಎಂದು ಕಂಡುಬಂತು. ಅನಂತರ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಅಷ್ಟು ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಪೆನ್ನೇ ಶ್ರೇಷ್ಠ ಎಂದು ನಾನು ಫತ್ವಾ ಕೊಡುವುದಿಲ್ಲ. ಆದರೆ ನಮ್ಮ ಪರೀಕ್ಷೆ ಇಂದಿಗೂ ಪೆನ್ನಿನಲ್ಲೇ ನಡೆಯುತ್ತದೆ, ಕೈಗೆ ಅಭ್ಯಾಸ ಬೇಕು. ಇನ್ನು ಕಿರ್ದಿ-ಖತಾವಣಿಯ ಮಾತು ನೆನಪಿದೆಯಲ್ಲ? ಹಲಗೆಯ ಫೋಟೊ ತೆಗೆದಿಟ್ಟರೆ ಅದು ಕಿರ್ದಿಯಾಯಿತು. ಮನೆಗೆ ಹೋಗಿ ನಿಮ್ಮ ಮಾತಿನಲ್ಲಿ ಬರೆದಾಗಲೇ ಖತಾವಣಿ. ಬಹಳ ಮಕ್ಕಳು ಆ್ಯಪ್‌ನ ಪುಟಕ್ಕೆ ಬಣ್ಣ, ಚಿತ್ರ, ತಲೆಬರಹ ಹಾಕುವುದರಲ್ಲಿ ಒಂದು ಸಂಜೆ ಕಳೆದು, ಓದಿದೆನೆಂದು ತಿಳಿದು ಮಲಗುತ್ತಾರೆ. ಕಪಾಟು ಜೋಡಿಸಿದ ಮಾತ್ರಕ್ಕೆ ಪುಸ್ತಕ ಓದಿದಂತಾಗದು.

ಐದನೆಯದು ಸಂಘದ ಸದಸ್ಯರಿಗೆ ಹೇಳುವ ಮಾತು. ವಿದ್ಯಾರ್ಥಿವೇತನದ ಅರ್ಜಿಗಳ ಆಧಾರ್ ನಕಲು, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ, ಇವು ಬೇರೆಯವರ ಅಮಾನತ್. ಎಲ್ಲರೂ ತೆರೆಯಬಹುದಾದ ಹಂಚಿಕೆಯ ಪುಟದಲ್ಲಿ ಇವನ್ನು ಹಾಕುವುದು ಸಲ್ಲದು. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿ ಬಳಸಲು ತಂದೆತಾಯಿಯರ ಒಪ್ಪಿಗೆ ಕೇಳುತ್ತದೆ. ಸಾಲದ ವ್ಯವಹಾರವನ್ನು ಸಾಕ್ಷಿ ಸಮೇತ ಬರೆದಿಡಿರೆಂದು ಕಲಿಸಿದ ಧರ್ಮ ನಮ್ಮದು. ಬರೆದಿಟ್ಟದ್ದನ್ನು ಕಾಯುವುದೂ ಅದೇ ಜವಾಬ್ದಾರಿಯ ಭಾಗ.

ಹಾಗಾದರೆ ಯಾವುದನ್ನು ಆರಿಸಬೇಕು? ಆ ಹುಡುಗನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಹತ್ತನೆಯ ತರಗತಿಯವರೆಗೆ ಪಾಠದ ಟಿಪ್ಪಣಿ ನೋಟ್‌ಬುಕ್ಕಿನಲ್ಲೇ ಇರಲಿ. ಫೋನಿನಲ್ಲಿ ಕೆಲಸಗಳ ಪಟ್ಟಿ, ಹಲಗೆಯ ಫೋಟೊ ಇಡಲು ಗೂಗಲ್ ಕೀಪ್‌ನಂಥ ಸರಳ ಆ್ಯಪ್ ಸಾಕು. ಪದವಿ ವಿದ್ಯಾರ್ಥಿಗಳು, ಶಿಕ್ಷಕರು ದೊಡ್ಡ ಆ್ಯಪ್ ಧಾರಾಳವಾಗಿ ಬಳಸಲಿ. ಆದರೆ ಮೊದಲ ದಿನವೇ ಮೂರು ಪರೀಕ್ಷೆ ಮಾಡಿ. ಒಂದು ಸಾಲು ಉರ್ದು-ಕನ್ನಡ ಬೆರೆಸಿ ಬರೆಯಿರಿ. ಡೇಟಾ ಬಂದ್ ಮಾಡಿ ತೆರೆಯಿರಿ. ಹತ್ತು ಪುಟ ಬರೆದು ಅವನ್ನು ಪಿಡಿಎಫ್ ಅಥವಾ ಸಾದಾ ಪಠ್ಯವಾಗಿ ಹೊರತೆಗೆದು ನೋಡಿ. ಮೂರರಲ್ಲೂ ಪಾಸಾದ ಆ್ಯಪ್‌ಗೆ ಮಾತ್ರ ನಿಮ್ಮ ವರ್ಷವನ್ನು ಒಪ್ಪಿಸಿ. ತಿಂಗಳಿಗೊಮ್ಮೆ ನಕಲು ತೆಗೆದು ಬೇರೆ ಕಡೆ ಇಡಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿದೆಯೇ ಎಂದು ಇಂದೇ ಮನೆಗೆ ಹೋಗಿ ನೋಡಿ.

ಆ್ಯಪ್ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ, ನಾವು ಕೇಳಿದಾಗ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದೇ ಅದರ ಯೋಗ್ಯತೆ. ಅಮಾನತ್ ಕಾಯುವವರಿಗೂ ಇದೇ ಅಳತೆಗೋಲಲ್ಲವೇ?

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತವಾದ ಇಲ್ಮ್ ದಯಪಾಲಿಸಲಿ.