ಸೋಸಿ, ಬದಲಿಸಿ, ಕೂಡಿಸಿ

ಹುಣಿಸೆಹಣ್ಣನ್ನು ನೆನೆಸಿ, ಕಿವುಚಿ, ಸೋಸಿ, ಕುದಿಸಬೇಕು. ಈ ವಾಕ್ಯದಲ್ಲಿ ಕ್ರಿಯೆಗಳು ನಾಲ್ಕು, ಕರ್ಮಪದ ಒಂದೇ. ಆದರೂ ನಮ್ಮಲ್ಲಿ ಅಡುಗೆ ಬಲ್ಲವರಾರೂ ರಸವನ್ನು ಚೆಲ್ಲಿ ಹಿಪ್ಪೆಯನ್ನು ಒಲೆಯ ಮೇಲಿಡುವುದಿಲ್ಲ. ಸೋಸಿದ ಮೇಲೆ ಮುಂದಿನ ಕ್ರಿಯೆಗೆ ಒದಗುವುದು ಹಣ್ಣಲ್ಲ, ರಸ ಎಂಬುದನ್ನು ವಾಕ್ಯ ಹೇಳುವುದಿಲ್ಲ, ಕೇಳಿದವರೇ ತಿಳಿದುಕೊಳ್ಳುತ್ತಾರೆ. ಗಣಕಯಂತ್ರಕ್ಕೆ ಅಪ್ಪಣೆ ಕೊಡುವ ಭಾಷೆಗಳಲ್ಲಿಯೂ ಇಂದು ಇಂಥ ವಾಕ್ಯರಚನೆ ಬಹಳವಾಗಿ ರೂಢಿಯಲ್ಲಿದೆ. ಅದರ ಅನುಕೂಲವೇನು, ಅಪಾಯವಿರುವುದೆಲ್ಲಿ ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ರೇಡಿಯೋದಲ್ಲಿ ಕರಿಹಲಗೆಯಿಲ್ಲ; ಆದ್ದರಿಂದ ಚಿಹ್ನೆಗಳ ಗೊಡವೆಗೆ ಹೋಗದೆ ಮಾತಿನಲ್ಲಿಯೇ ವಿವರಿಸುತ್ತೇನೆ.

ಗಣಕಕ್ಕೆ ನಾವು ಒಪ್ಪಿಸುವ ಕೆಲಸಗಳಲ್ಲಿ ಬಹುಪಾಲು ಪಟ್ಟಿಗಳಿಗೆ ಸಂಬಂಧಿಸಿದವು. ವಿದ್ಯಾರ್ಥಿಗಳ ಪಟ್ಟಿ, ಮತದಾರರ ಪಟ್ಟಿ, ಅಂಗಡಿಯ ಸರಕಿನ ಪಟ್ಟಿ. ಒಂದು ತರಗತಿಯ ಪಟ್ಟಿಯಿಂದ ತೇರ್ಗಡೆಯಾದವರನ್ನು ಆರಿಸಿ, ಅವರ ಅಂಕಗಳನ್ನಷ್ಟೇ ತೆಗೆದು, ಒಟ್ಟುಗೂಡಿಸಬೇಕು ಎನ್ನೋಣ. ಹಳೆಯ ಕ್ರಮದಲ್ಲಾದರೆ ಒಂದು ಎಣಿಕೆಯನ್ನು ಸೊನ್ನೆಯಿಂದ ಆರಂಭಿಸಬೇಕು. ಪಟ್ಟಿ ಮುಗಿಯಿತೇ ಎಂದು ಪ್ರತಿ ಸುತ್ತಿನಲ್ಲೂ ನೋಡಬೇಕು. ಒಳಗೆ ‘ಪಾಸಾಗಿದ್ದರೆ’ ಎಂಬ ಷರತ್ತು, ಅದರೊಳಗೆ ಕೂಡುವಿಕೆ. ಏನು ಬೇಕೆಂಬುದೂ ಹೇಗೆ ಸುತ್ತಬೇಕೆಂಬುದೂ ಒಂದರೊಳಗೊಂದು ಹೆಣೆದುಕೊಂಡು, ಆರು ತಿಂಗಳ ಬಳಿಕ ಬರೆದವನಿಗೇ ಅರ್ಥವಾಗದಂತಾಗುತ್ತದೆ.

ಈ ಹೆಣಿಗೆಯನ್ನು ಬಿಡಿಸುವ ಪ್ರಯತ್ನ ಹೊಸದಲ್ಲ. ಜಾನ್ ಮೆಕಾರ್ಥಿಯವರು 1958ರಲ್ಲಿ ರೂಪಿಸತೊಡಗಿದ ಲಿಸ್ಪ್ ಭಾಷೆಯ ಹೆಸರಿನಲ್ಲೇ ಪಟ್ಟಿಯಿದೆ. ಅಲ್ಲಿ ಇಡೀ ಪಟ್ಟಿಯ ಮೇಲೆ ಒಂದೇ ಮಾತಿನಲ್ಲಿ ಕ್ರಿಯೆ ನಡೆಸಬಹುದಾಗಿತ್ತು. ಆದರೆ ಓದುವ ದಿಕ್ಕು ತಲೆಕೆಳಗು. ಕೂಡಿಸು, ಯಾವುದನ್ನು? ಬದಲಿಸಿದ್ದನ್ನು. ಯಾವುದನ್ನು ಬದಲಿಸಿದ್ದು? ಸೋಸಿದ್ದನ್ನು. ಮೊದಲು ನಡೆಯಬೇಕಾದ ಕೆಲಸ ಆವರಣಚಿಹ್ನೆಗಳ ಗರ್ಭದಲ್ಲಿ ಕಟ್ಟಕಡೆಗೆ ಸಿಗುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ಡಗ್ ಮೆಕಿಲ್ರಾಯ್ ಬಹುಕಾಲ ಒತ್ತಾಯಿಸುತ್ತಿದ್ದ ಕೊಳವೆಯ ಕಲ್ಪನೆಯನ್ನು ಕೆನ್ ಥಾಂಪ್ಸನ್ 1973ರಲ್ಲಿ ಯೂನಿಕ್ಸ್‌ಗೆ ಅಳವಡಿಸಿದಾಗ, ಒಂದು ಪ್ರೋಗ್ರಾಮಿನಿಂದ ಹೊರಬಿದ್ದದ್ದು ಮುಂದಿನದಕ್ಕೆ ಹರಿಯುವ, ನೇರವಾಗಿ ಓದಬಹುದಾದ ಸಾಲು ದೊರೆಯಿತು.

ಇದೇ ಸೌಕರ್ಯವನ್ನು ಭಾಷೆಯೊಳಗೆ ತರುವುದು ಸಂಗ್ರಹವರ್ಗ. ಪಟ್ಟಿಯನ್ನು ಒಂದು ವಸ್ತುವಿನೊಳಗಿಟ್ಟು, ಆ ವಸ್ತುವಿಗೇ ಸೋಸುವ, ಬದಲಿಸುವ, ವಿಂಗಡಿಸುವ ವಿಧಾನಗಳನ್ನು ಕಲಿಸುತ್ತಾರೆ. ಪ್ರತಿಯೊಂದು ವಿಧಾನವೂ ತನ್ನ ಕೆಲಸ ಮುಗಿಸಿ ಇನ್ನೊಂದು ಸಂಗ್ರಹವನ್ನೇ ಕೈಗಿಡುವುದರಿಂದ ಅದರ ಬೆನ್ನಿಗೇ ಮತ್ತೊಂದನ್ನು ಪೋಣಿಸಬಹುದು. ಅಲೆನ್ ಕೇ ಮತ್ತು ಅವರ ಸಂಗಡಿಗರು ಜೆರಾಕ್ಸ್ ಸಂಶೋಧನಾಲಯದಲ್ಲಿ ಕಟ್ಟಿದ ಸ್ಮಾಲ್‌ಟಾಕ್‌ನ ಸೆಲೆಕ್ಟ್, ರಿಜೆಕ್ಟ್, ಕಲೆಕ್ಟ್, ಡಿಟೆಕ್ಟ್ ಎಂಬ ಪ್ರಾಸಬದ್ಧ ವಿಧಾನಗಳು ಈ ಕುಲದ ಹಿರಿಯರು. ಇಂಗ್ಲಿಷರಿಗೆ ಈ ರಚನೆ ಅಭ್ಯಾಸದಿಂದ ಬರಬೇಕು. ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದಿದೆ ಎಂದರೆ ಅತಿಶಯೋಕ್ತಿಯಾಗಲಾರದು. ಕರ್ಮಪದ ಮೊದಲು, ಅಪೂರ್ಣ ಕ್ರಿಯೆಗಳ ಸಾಲು ನಡುವೆ, ಪೂರ್ಣಕ್ರಿಯಾಪದ ಕೊನೆಗೆ: ‘ಪಟ್ಟಿಯನ್ನು ಸೋಸಿ, ಬದಲಿಸಿ, ಕೂಡಿಸು.’

ಇಷ್ಟು ಸೊಗಸಾಗಿರುವುದರಲ್ಲಿ ತೊಡಕೆಲ್ಲಿಯದು? ಒಂದು ವಿಧಾನ ಮರಳಿ ಕೊಟ್ಟದ್ದು ಏನು ಎಂಬಲ್ಲಿಯೇ. ರಸವೋ ಹಿಪ್ಪೆಯೋ ಎಂದು ಯಂತ್ರ ಊಹಿಸುವುದಿಲ್ಲ. ಕೈಗೆ ಬಂದದ್ದನ್ನು ಕುದಿಸುತ್ತದೆ. ಸ್ಮಾಲ್‌ಟಾಕ್‌ನಲ್ಲೇ ಒಂದು ಸಂಗ್ರಹಕ್ಕೆ ಹೊಸ ಅಂಶವನ್ನು ಸೇರಿಸುವ ವಿಧಾನ ಮರಳಿ ಕೊಡುವುದು ಸಂಗ್ರಹವನ್ನಲ್ಲ, ಸೇರಿಸಿದ ಅಂಶವನ್ನು. ಹೊಸಬರು ಅದರ ಬೆನ್ನಿಗೆ ಇನ್ನೊಂದು ‘ಸೇರಿಸು’ ಎಂದು ಪೋಣಿಸಿದರೆ, ಬುಟ್ಟಿಗೆ ಹಾಕಬೇಕಾದ ಎರಡನೆಯ ಹಣ್ಣನ್ನು ಮೊದಲನೆಯ ಹಣ್ಣಿನೊಳಗೆ ತುರುಕಲು ಹೊರಟಂತಾಗುತ್ತದೆ. ಇದಕ್ಕಾಗಿಯೇ ಅಲ್ಲಿ ಒಂದೇ ವಸ್ತುವಿಗೆ ಸಾಲಾಗಿ ಅಪ್ಪಣೆ ಕೊಡುವ ಬೇರೆ ಚಿಹ್ನೆಯೂ, ಕಡೆಯಲ್ಲಿ ‘ನಿನ್ನನ್ನೇ ಕೊಡು’ ಎನ್ನುವ ಒಂದು ಸಂದೇಶವೂ ಇವೆ.

ಇದಾದರೂ ಕೂಡಲೇ ಕಣ್ಣಿಗೆ ಬೀಳುವ ದೋಷ. ಸದ್ದಿಲ್ಲದೆ ನಡೆಯುವುದು ಇದಕ್ಕಿಂತ ಘೋರವಾದದ್ದು. ಹೆಸರುಗಳು ಒಂದು ಪಟ್ಟಿಯಲ್ಲಿ, ಅದೇ ಕ್ರಮದಲ್ಲಿ ಅಂಕಗಳು ಇನ್ನೊಂದರಲ್ಲಿ ಇವೆ ಎಂದಿಟ್ಟುಕೊಳ್ಳಿ. ಮೊದಲ ಮೂರು ಸ್ಥಾನಗಳ ಅಂಕ ಬೇಕೆಂದು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ‘ಅಂಕಗಳನ್ನು ಇಳಿಕೆಯ ಕ್ರಮದಲ್ಲಿ ವಿಂಗಡಿಸಿ, ಮೊದಲ ಮೂರನ್ನು ತೆಗೆ’ ಎಂದು ಬರೆಯುತ್ತೀರಿ. ಮೂರು ಸಂಖ್ಯೆಗಳು ಸರಿಯಾಗಿಯೇ ಬರುತ್ತವೆ. ಆದರೆ ಅಲ್ಲಿನ ವಿಂಗಡಣೆಯ ವಿಧಾನ ಹೊಸ ಪಟ್ಟಿಯನ್ನು ಮಾಡಿಕೊಡುವುದಿಲ್ಲ; ಮೂಲಪಟ್ಟಿಯನ್ನೇ ಕಲಕಿ, ಅದನ್ನೇ ಹಿಂದಿರುಗಿಸುತ್ತದೆ. ಸೋಸುವುದೂ ಬದಲಿಸುವುದೂ ಮೂಲವನ್ನು ಮುಟ್ಟದಿರುವಾಗ ಇದೊಂದು ಮಾತ್ರ ಮುಟ್ಟುತ್ತದೆ, ಮತ್ತು ಸರಪಳಿಯನ್ನು ಓದಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಮುಂದೆ ಅಂಕಪಟ್ಟಿ ಅಚ್ಚಾಗುವಾಗ ಹಾಜರಿಪುಸ್ತಕದ ಮೊದಲ ಹುಡುಗಿಗೆ ತರಗತಿಯ ಅತ್ಯುಚ್ಚ ಅಂಕ, ಕಡೆಯವನಿಗೆ ಯಾರದೋ ಅನುತ್ತೀರ್ಣತೆ. ತಾಳೆ ನೋಡೋಣವೆಂದು ಕೂಡಿದರೆ ಒಟ್ಟು ಮೊತ್ತ ಕಿಂಚಿತ್ತೂ ತಪ್ಪಿರುವುದಿಲ್ಲ! ಮೂಲವನ್ನು ಮುಟ್ಟದ ಇನ್ನೊಂದು ವಿಂಗಡಣೆಯ ವಿಧಾನ ಆ ಭಾಷೆಯ 2023ರ ಆವೃತ್ತಿಯಲ್ಲಿ ಸೇರಿತು. ಹಳೆಯದೂ ಹಾಗೆಯೇ ಉಳಿದಿದೆ. ಅದನ್ನು ನೆಚ್ಚಿ ಬರೆದ ಬರಹ ಲೋಕದಲ್ಲಿ ಅಷ್ಟಿದೆ.

ರೂಬಿ ಎಂಬ ಭಾಷೆಯವರು ಈ ಬಗೆಯ ವಿಧಾನಗಳನ್ನು ಜೋಡಿಯಾಗಿಟ್ಟು, ಮೂಲವನ್ನು ಕಲಕುವುದರ ಹೆಸರಿನ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆಯನ್ನು ಹಚ್ಚಿದರು. ಒಳ್ಳೆಯ ಎಚ್ಚರಿಕೆ. ಆದರೆ ಪುನರಾವೃತ್ತಿಗಳನ್ನು ತೆಗೆಯುವ ಅಲ್ಲಿನ ಆಶ್ಚರ್ಯಚಿಹ್ನೆಯ ವಿಧಾನಕ್ಕೆ ಒಂದು ವಿಚಿತ್ರ ಸ್ವಭಾವ: ತೆಗೆಯಲು ಏನಾದರೂ ಸಿಕ್ಕಿದರೆ ಪಟ್ಟಿಯನ್ನು ಕೊಡುತ್ತದೆ, ಏನೂ ಸಿಗದಿದ್ದರೆ ‘ಶೂನ್ಯ’ವನ್ನು ಕೊಡುತ್ತದೆ. ಇದರ ಬೆನ್ನಿಗೆ ಪೋಣಿಸಿದ ಸರಪಳಿ, ಪಟ್ಟಿಯಲ್ಲಿ ಕೊಳೆ ಇರುವಷ್ಟು ದಿನ ನಿರಾತಂಕವಾಗಿ ನಡೆದು, ಪಟ್ಟಿ ಶುದ್ಧವಾಗಿ ಬಂದ ದಿನ ಮುರಿದುಬೀಳುತ್ತದೆ. ಪರೀಕ್ಷೆಗಾಗಿ ಬೇಕೆಂದೇ ಪುನರಾವೃತ್ತಿಗಳನ್ನು ತುಂಬಿಟ್ಟ ಪಟ್ಟಿಯಲ್ಲಿ ಈ ದೋಷ ಎಂದೂ ಸಿಕ್ಕುವುದಿಲ್ಲ.

ಪೈಥಾನ್ ಭಾಷೆಯದು ನಿಷ್ಠುರದ ಮಾರ್ಗ. ಅಲ್ಲಿ ಪಟ್ಟಿಯನ್ನು ಸ್ಥಳದಲ್ಲೇ ವಿಂಗಡಿಸುವ ವಿಧಾನ ಏನನ್ನೂ ಮರಳಿ ಕೊಡುವುದಿಲ್ಲ. ಪೋಣಿಸಲು ಹೋದವರಿಗೆ ಕೂಡಲೇ ಪೆಟ್ಟು. ಹೊಸ ಪಟ್ಟಿ ಬೇಕೆಂಬವರಿಗೆ 2004ರಲ್ಲಿ ಬೇರೊಂದು ಕ್ರಿಯೆಯನ್ನು ಒದಗಿಸಿದರು. ಸರಪಳಿಯ ಸೊಗಸಿಗೆ ಮಾರುಹೋದವರು ಇದನ್ನು ಒರಟುತನವೆಂದು ಹಳಿಯುತ್ತಾರೆ. ನನಗಾದರೋ ಇದೇ ಹೆಚ್ಚು ಪ್ರಾಮಾಣಿಕವೆಂದು ತೋರುತ್ತದೆ: ಮೂಲವನ್ನು ಬದಲಿಸಿದವನು, ಹೊಸದನ್ನು ತಂದವನಂತೆ ನಟಿಸಬಾರದು.

ಇನ್ನು ಸೋಮಾರಿ ಸರಪಳಿಗಳ ವಿಚಾರ. ಸೋಮಾರಿ ಎಂಬುದು ಬೈಗುಳಲ್ಲ, ಪಾರಿಭಾಷಿಕ ಪದ. ‘ಬಂದು, ಉಂಡು’ ಎಂದು ನಿಲ್ಲಿಸಿದರೆ ಕೇಳುವವರು ಕಾಯುತ್ತಾರೆ. ‘ಮಲಗಿದನು’ ಎಂಬ ಪೂರ್ಣಕ್ರಿಯೆ ಬಂದಾಗಲೇ ವಾಕ್ಯಕ್ಕೆ ನೆಲೆ. ಜಾವಾ ಭಾಷೆಗೆ 2014ರಲ್ಲಿ ಸೇರಿದ ಪ್ರವಾಹಗಳೂ ಹೀಗೆಯೇ: ಸೋಸು, ಬದಲಿಸು ಎಂದು ಎಷ್ಟೇ ಪೋಣಿಸಿದರೂ, ಎಣಿಸು ಅಥವಾ ಕೂಡಿಸು ಎಂಬ ಕಡೆಯ ಮಾತು ಬರುವವರೆಗೆ ಯಂತ್ರ ಒಂದು ಅಂಶವನ್ನೂ ಮುಟ್ಟುವುದಿಲ್ಲ. ಇದರಿಂದ ಲಾಭವುಂಟು. ಲಕ್ಷ ಹೆಸರುಗಳಿಂದ ಮೊದಲು ಸಿಕ್ಕುವ ಮೂವರು ಸಾಕೆಂದರೆ, ಮೂವರು ಸಿಕ್ಕೊಡನೆ ಕೆಲಸ ನಿಲ್ಲುತ್ತದೆ. ಒಮ್ಮೆ ಹರಿದ ಪ್ರವಾಹವನ್ನು ಎರಡನೆಯ ಸಲ ಬಳಸಲು ಜಾವಾ ಬಿಡುವುದಿಲ್ಲ. ಸಿ-ಶಾರ್ಪ್ ಭಾಷೆಯಲ್ಲಿ 2007ರಿಂದ ಇರುವ ಲಿಂಕ್ ಬಿಡುತ್ತದೆ. ಆದರೆ ಕೇಳಿದಾಗಲೆಲ್ಲ ಮೊದಲಿನಿಂದ ಸೋಸುತ್ತದೆ. ಮೊದಲು ಎಣಿಸಿ, ಬಳಿಕ ಹೆಸರುಗಳನ್ನು ಅಚ್ಚುಹಾಕುವುದರೊಳಗೆ ಮೂಲಪಟ್ಟಿಗೆ ಒಂದು ಹೆಸರು ಸೇರಿದರೆ, ಶೀರ್ಷಿಕೆಯಲ್ಲಿ ನಲವತ್ತು, ಕೆಳಗೆ ನಲವತ್ತೊಂದು ಮಂದಿ.

ಸರಪಳಿ ಎಷ್ಟುದ್ದವಿರಬಹುದು ಎಂದು ಕೇಳುವವರುಂಟು. ಕೊಂಡಿಗಳನ್ನು ಎಣಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಕೈಯಲ್ಲಿರುವ ವಸ್ತುವಿನ ಜಾತಿ ಬದಲಾಗುವ ಕಡೆ, ಎಂದರೆ ವಿದ್ಯಾರ್ಥಿಗಳ ಪಟ್ಟಿ ಅಂಕಗಳ ಪಟ್ಟಿಯಾಗುವಲ್ಲಿ, ಒಮ್ಮೆ ಕಡಿದು ಅದಕ್ಕೊಂದು ಹೆಸರಿಡುವುದು ನನ್ನ ರೂಢಿ. ಪಟ್ಟಿ ಬರಿದಾಗಿ ಬಂದರೆ ಏನು ಎಂಬುದನ್ನೂ ಅಲ್ಲಿಯೇ ವಿಚಾರಿಸಿಕೊಳ್ಳಬಹುದು. ಯಾರೂ ತೇರ್ಗಡೆಯಾಗದ ತರಗತಿಯಲ್ಲಿ ತೇರ್ಗಡೆಯಾದವರ ಒಟ್ಟು ಅಂಕ ಸೊನ್ನೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಅವರ ಸರಾಸರಿ ಸೊನ್ನೆಯಲ್ಲ, ಅದು ಇಲ್ಲವೇ ಇಲ್ಲ. ಜಾವಾ ಅಂಥ ಸಂದರ್ಭದಲ್ಲಿ ಬರಿದಾದ ಒಂದು ಪೆಟ್ಟಿಗೆಯನ್ನು ಕೊಟ್ಟು, ತೆರೆದು ನೋಡುವ ಹೊಣೆಯನ್ನು ನಮಗೆ ಬಿಡುತ್ತದೆ; ಸಿ-ಶಾರ್ಪ್ ಸಂಖ್ಯೆಗಳ ಬರಿಯ ಪಟ್ಟಿಯ ಸರಾಸರಿಯನ್ನು ಕೇಳಿದೊಡನೆ ದೋಷವೆಂದು ಕೂಗಿ ನಿಲ್ಲುತ್ತದೆ.